ಅಮ್ಮ ಇನ್ನೂ ಹಾಲಿನ ಪ್ಯಾಕೆಟ್ ತೊಳೆಯುತ್ತಾರೆ. ನಿಮ್ಮ ಮನೆಯಲ್ಲಿ ಏನು ಉಳಿದಿದೆ?

ಗೇಟಿನಾಚೆ (ಮಂಡ್ಯ ಕಡೆ)

ಕೊರೋನಾ ಬಂದು ಐದು ವರ್ಷ ದಾಟಿತು. ನಮ್ಮಮ್ಮ ಈಗಲೂ ಬೆಳಿಗ್ಗೆ ಆರಕ್ಕೆ ಹಾಲಿನ ಪ್ಯಾಕೆಟ್ ತೊಳೆಯುತ್ತಾರೆ. ಸುಮ್ನೆ ನೀರಲ್ಲಿ ಅದ್ದಿ ತೆಗೆಯೋದಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ನೀಲಿ ಬೇಸನ್ ಇಡುತ್ತಾರೆ. ಸೋಪಿನ ಚೂರು ಉಜ್ಜಿ ನೊರೆ ಮಾಡುತ್ತಾರೆ. ಮೊದಲು ಪ್ಯಾಕೆಟ್ಟಿನ ನಾಲ್ಕು ಮೂಲೆ, ಆಮೇಲೆ ಅಂಟಿನ ಗೆರೆ, ಆಮೇಲೆ ಎರಡೂ ಮೈ. ಎರಡು ಸಲ ಒಳ್ಳೆ ನೀರು. ಕೊನೆಗೆ ತಂತಿಗೆ ಕ್ಲಿಪ್ ಹಾಕಿ ನೇತು ಹಾಕುತ್ತಾರೆ. ನನ್ನ ಮಗನ ಬನಿಯನ್ ಪಕ್ಕ ಎರಡು ಅರ್ಧ ಲೀಟರ್ ಹಾಲು ನೇತಾಡುತ್ತಿರುತ್ತೆ. ಹೊಸಬರು ಯಾರಾದರೂ ಬಂದರೆ ನಗುತ್ತಾರೆ. ನಾವೂ ನಗುತ್ತೇವೆ.

ಅಪ್ಪ 2021ರ ಮೇ ತಿಂಗಳಲ್ಲಿ ಹೋದರು. ಎರಡನೇ ಅಲೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಅಮ್ಮ ಅವರನ್ನು ಕೊನೆಯ ಸಲ ನೋಡಿದ್ದು ಆಂಬುಲೆನ್ಸ್ ಬಾಗಿಲು ಹಾಕುವಾಗ.

ಅಮ್ಮನಿಗೆ ಈಗ 64. ಚೆನ್ನಾಗೇ ಇದ್ದಾರೆ. ಅಡುಗೆ ಮಾಡುತ್ತಾರೆ, ಧಾರಾವಾಹಿ ನೋಡುತ್ತಾರೆ, ಸೊಸೆ ಹತ್ತಿರ ಜಗಳ ಕೂಡ ಆಡುತ್ತಾರೆ. ಆದರೆ ಈ ತೊಳೆಯೋದು ಮಾತ್ರ ನಿಂತಿಲ್ಲ. ಇದು ಭಯವಾ, ಅಭ್ಯಾಸವಾ, ಕಾಯಿಲೆಯಾ? ಕೇಳೋಕೆ ನನಗೆ ಧೈರ್ಯ ಸಾಲದು. ನಿಮ್ಮ ಮನೆಗಳಲ್ಲಿ ಹೀಗೇನಾದರೂ ಉಳಿದಿದೆಯಾ? ದಯವಿಟ್ಟು "ಪಾಸಿಟಿವ್ ಆಗಿರಿ" ಅಂತ ಮಾತ್ರ ಬರೆಯಬೇಡಿ. ಆ ಪದ ಕೇಳಿದರೇ ನಮ್ಮ ಮನೆಯಲ್ಲಿ ಎಲ್ಲರೂ ಬೆಚ್ಚುತ್ತಾರೆ.

ಮೂರನೇಮಹಡಿ (ಬೆಂಗಳೂರು)

ನನಗೆ ಸೈರನ್. ನಮ್ಮ ಅಪಾರ್ಟ್‌ಮೆಂಟ್ ಮೇನ್ ರೋಡಿಗೆ ಅಂಟಿಕೊಂಡಿದೆ. 2021ರ ಏಪ್ರಿಲ್ ಕೊನೆಯಲ್ಲಿ ಆಂಬುಲೆನ್ಸ್ ಎಣಿಸುತ್ತಾ ಮಲಗುತ್ತಿದ್ದೆ. ಈಗಲೂ ದೂರದಲ್ಲಿ ಸೈರನ್ ಕೇಳಿದರೆ ಮಾತು ಅರ್ಧಕ್ಕೆ ನಿಲ್ಲುತ್ತೆ. ಆಫೀಸ್ ಮೀಟಿಂಗ್‌ನಲ್ಲಿ ಎರಡು ಸಲ ಹೀಗಾಗಿದೆ. ನೆಟ್‌ವರ್ಕ್ ಹೋಯ್ತು ಅಂತ ಸುಳ್ಳು ಹೇಳಿದೆ.

ಇನ್ನೊಂದು ಬಿಯು ನಂಬರ್. ಬೆಂಗಳೂರಿನವರಿಗೆ ನೆನಪಿರಬಹುದು. ಆಸ್ಪತ್ರೆಯಲ್ಲಿ ಬೆಡ್ ಬೇಕು ಅಂದರೆ ಮೊದಲು ರೋಗಿಗೆ ಸರ್ಕಾರದಿಂದ ಆ ನಂಬರ್ ಬರಬೇಕಿತ್ತು. ನಮ್ಮ ಭಾವನಿಗೆ ಉಸಿರು ಸಿಗುತ್ತಿಲ್ಲ, ನಾವು ನಂಬರಿಗಾಗಿ ಫೋನ್ ಹಿಡಿದು ಕೂತಿದ್ದೇವೆ. ಭಾವ ಬದುಕಿದರು, ಪುಣ್ಯ. ಆದರೆ ಈಗಲೂ ಯಾವುದೋ ಒಟಿಪಿ ಬರೋದು ತಡವಾದರೆ ನನ್ನ ಅಂಗೈ ಬೆವರುತ್ತೆ. ಗ್ಯಾಸ್ ಬುಕ್ ಮಾಡೋ ಒಟಿಪಿಗೂ!

ಅಡಿಕೆಚಪ್ಪರ (ಶಿರಸಿ)

ಎಲ್ಲರೂ ಅಳುವಾಗ ಇದನ್ನು ಹೇಳಬಾರದೇನೋ. ಆದರೂ ಹೇಳುತ್ತೇನೆ. ನನಗೆ ಲಾಕ್‌ಡೌನ್ ಸ್ವರ್ಗ. ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದೆ. ದಿನಕ್ಕೆ ಮೂರು ಗಂಟೆ ಟ್ರಾಫಿಕ್. 2020ರ ಮಾರ್ಚ್‌ನಲ್ಲಿ ಊರಿಗೆ ಬಂದವನು ಎರಡು ವರ್ಷ ಇಲ್ಲೇ ಇದ್ದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಬೆಟ್ಟದ ಮೇಲೆ ಟಾರ್ಪಾಲ್ ಕಟ್ಟಿ, ಹಲಗೆ ಹಾಕಿ, ಅಲ್ಲೇ ಕೂತು ಕೆಲಸ ಮಾಡಿದೆ. ಮಳೆಗಾಲದಲ್ಲಿ ಲ್ಯಾಪ್‌ಟಾಪಿಗೆ ಒಂದು ಕಂಬಳಿಕೊಪ್ಪೆ, ನನಗೊಂದು. ಅಕ್ಕಪಕ್ಕದ ಕಾಲೇಜು ಹುಡುಗರೂ ಅಲ್ಲಿಗೇ ಬರುತ್ತಿದ್ದರು, ಆನ್‌ಲೈನ್ ಕ್ಲಾಸಿಗೆ.

ಅಪ್ಪನ ಹತ್ತಿರ ನಾನು ಸರಿಯಾಗಿ ಮಾತಾಡಿದ್ದೇ ಆ ಎರಡು ವರ್ಷದಲ್ಲಿ. ನಿದ್ದೆ ಚೆನ್ನಾಗಿ ಬಂತು. ಬಿಪಿ ಇಳಿಯಿತು. ಎಲ್ಲರ ಮನಸ್ಸೂ ಕೆಟ್ಟಿತು ಅಂತ ಬರೆಯೋದು ಸುಳ್ಳಲ್ವಾ?

ಗೌಂಡಿಕೆಲಸ (ಯಾದಗಿರಿ)

ಅಣ್ಣಾ, ನಿಮಗೆ ಸ್ವರ್ಗ ಆಯ್ತು, ಸಂತೋಷ. ಬೆಟ್ಟದ ಮೇಲೆ ಕೂತರೂ ನಿಮ್ಮ ಪಗಾರ ಬರುತ್ತಿತ್ತು. ನಾವು ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದೆವು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಟಿವಿಯಲ್ಲಿ ಹೇಳಿದರು, ಹನ್ನೆರಡಕ್ಕೆ ಎಲ್ಲ ಬಂದ್. ಮೇಸ್ತ್ರಿ ಫೋನ್ ಸ್ವಿಚ್ ಆಫ್. ತಗಡಿನ ಶೆಡ್ಡಿನಲ್ಲಿ ಏಳು ಜನ, ಅದರಲ್ಲಿ ನನ್ನ ಎರಡು ವರ್ಷದ ಮಗಳು. 21 ದಿನ ಅಂದರು, 40 ಆಯ್ತು. ಮೇ ಮೊದಲ ವಾರ ಮೆಜೆಸ್ಟಿಕ್‌ನಿಂದ ಬಸ್ಸು ಫ್ರೀ ಬಿಟ್ಟರು. ಗಂಟು ತಲೆ ಮೇಲೆ ಹೊತ್ತು ಹೋದೆವು.

ಊರಿಗೆ ಬಂದರೆ ಊರೊಳಗೆ ಬಿಡಲಿಲ್ಲ. "ಬೆಂಗಳೂರಿನವರು ಬಂದರು" ಅಂತ ದಾರಿಗೆ ಮುಳ್ಳು ಹಚ್ಚಿದ್ದರು. ನಾನು ಹುಟ್ಟಿದ ಊರು ಅದು! ಸಾಲಿಯೊಳಗೆ 14 ದಿನ ಇಟ್ಟರು. ನಮ್ಮವ್ವ ರೊಟ್ಟಿ ತಂದು ಕಾಂಪೌಂಡ್ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದಳು. ನಾನು ಹೋಗಿ ತಗೊಳ್ಳುತ್ತಿದ್ದೆ. ಮಗಳು ಅಜ್ಜಿ ಕಡೆ ಕೈ ಚಾಚಿದರೆ ಅವ್ವ ಸೆರಗು ಬಾಯಿಗೆ ಹಿಡಿದು ತಿರುಗಿ ನಿಲ್ಲುತ್ತಿದ್ದಳು.

ಈಗ ಮತ್ತೆ ಬೆಂಗಳೂರಿಗೇ ಬಂದಿದ್ದೇನೆ. ಹೊಟ್ಟೆಪಾಡು. ಆದರೆ ಒಂದು ಚಟ ಹತ್ತಿದೆ ನೋಡ್ರಿ. ಕಿಸೆಯಲ್ಲಿ ಊರಿಗೆ ಹೋಗೋ ಬಸ್ ಚಾರ್ಜಿನಷ್ಟು ದುಡ್ಡು ಯಾವಾಗಲೂ ಇರಬೇಕು. ಅದನ್ನು ಮುಟ್ಟೋದಿಲ್ಲ. ಹೋದ ವರ್ಷ ಮಗಳಿಗೆ ಜ್ವರ ಬಂದಾಗಲೂ ಸಾಲ ಮಾಡಿದೆ, ಆ ದುಡ್ಡು ಮುಟ್ಟಲಿಲ್ಲ. ಹೆಂಡತಿ ಬೈದಳು. ಬೈಯಲಿ.

ಅಡಿಕೆಚಪ್ಪರ (ಶಿರಸಿ)

ಒಪ್ಪಿದೆ. ಪಗಾರದ ಮಾತು ನನ್ನ ತಲೆಗೆ ಬಂದಿರಲಿಲ್ಲ. ಆದರೆ ಸುಖವಾಗಿದ್ದೆ ಅನ್ನೋದನ್ನು ವಾಪಸ್ ತಗೊಳ್ಳೋದಿಲ್ಲ. ಅದರ ಬಾಲ ಹೇಳುತ್ತೇನೆ ಕೇಳಿ. 2022ರಲ್ಲಿ ಆಫೀಸಿನವರು ಕರೆದರು, ಹೊರಟೆ. ಎರಡು ವರ್ಷ ಜೊತೆಗಿದ್ದ ಮಗ ಹೋದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದರು. ಮೊದಲು ಒಂಟಿತನ ಅಭ್ಯಾಸವಾಗಿತ್ತು ಅವರಿಗೆ. ನಾನು ಬಂದು ಅದನ್ನು ಕೆಡಿಸಿದೆ.

ನಂಬರ್‌ಹುಡುಗಿ (ಊರು ಬೇಡ)

ನಂಬರ್ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನಾನೊಂದು "ಪಿ". 2020ರ ಬೇಸಿಗೆಯಲ್ಲಿ ನಮ್ಮ ರಾಜ್ಯದ ಬುಲೆಟಿನ್ ನೆನಪಿದೆಯಾ? ಪ್ರತಿ ರೋಗಿಗೂ ಪಿ ಅಂತ ಒಂದು ನಂಬರ್. ಹೆಸರಿಲ್ಲ, ಸರಿ. ಆದರೆ ವಯಸ್ಸು, ಗಂಡೋ ಹೆಣ್ಣೋ, ಯಾವ ಊರು, ಎಲ್ಲಿಂದ ಬಂದದ್ದು, ಎಲ್ಲ ಇರುತ್ತಿತ್ತು. ನಮ್ಮ ಊರಲ್ಲಿ ಮುಂಬೈಯಿಂದ ಬಂದ 26 ವರ್ಷದ ಹೆಂಗಸು ಎಷ್ಟು ಜನ ಇರುತ್ತಾರೆ? ನಾನೊಬ್ಬಳೇ. ಸಂಜೆ ಬುಲೆಟಿನ್ ಬಂತು, ಏಳು ಗಂಟೆಯೊಳಗೆ ಊರಿನ ಎಲ್ಲ ವಾಟ್ಸಾಪ್ ಗ್ರೂಪಿನಲ್ಲಿ ನಾನಿದ್ದೆ.

ನನಗೆ ಬಂದದ್ದು ಎರಡು ದಿನದ ಗಂಟಲು ಕೆರೆತ, ಅಷ್ಟೇ. ಆಸ್ಪತ್ರೆಯಿಂದ ಬಂದ ಮೇಲೆ ಶುರುವಾಯ್ತು ನೋಡಿ. ತರಕಾರಿ ಗಾಡಿಯವನು ನಮ್ಮ ಮನೆ ಮುಂದೆ ನಿಲ್ಲಿಸುತ್ತಿರಲಿಲ್ಲ. ಎದುರು ಮನೆಯವರು ನಾವು ಕಾಣದ ಹಾಗೆ ಕಿಟಕಿಗೆ ಪೇಪರ್ ಅಂಟಿಸಿದರು. ಅಪ್ಪ 30 ವರ್ಷ ಕ್ಷೌರ ಮಾಡಿಸಿದ ಅಂಗಡಿಯಲ್ಲಿ "ಇನ್ನೊಂದು ತಿಂಗಳು ಬಿಟ್ಟು ಬನ್ನಿ ಸಾರ್" ಅಂದರು. ಅಪ್ಪ ಗಡ್ಡ ಬಿಟ್ಟರು. ಈಗಲೂ ಬಿಟ್ಟಿದ್ದಾರೆ. ಆ ಅಂಗಡಿ ಮುಂದೆ ಹೋಗುವಾಗ ರಸ್ತೆಯ ಆ ಕಡೆಗೆ ದಾಟುತ್ತಾರೆ.

ಮುಂದಿನ ವರ್ಷ ಎರಡನೇ ಅಲೆ ಬಂದಾಗ ಇಡೀ ಬೀದಿಗೆ ಬಂತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ? ಎದುರು ಮನೆಯವರಿಗೆ ನಮ್ಮಮ್ಮನೇ ಗಂಜಿ ಮಾಡಿ ಕೊಟ್ಟಳು. ನನಗೆ ಕೊಡೋಕೆ ಮನಸ್ಸಿರಲಿಲ್ಲ, ನಿಜ ಹೇಳುತ್ತೇನೆ. ಈಗ ಅವರು ತುಂಬಾ ಪ್ರೀತಿಯಿಂದ ಮಾತಾಡಿಸುತ್ತಾರೆ. ನಾನೂ ನಗುತ್ತೇನೆ. ಆ ಕಿಟಕಿಯಲ್ಲಿ ಪೇಪರ್ ಅಂಟಿಸಿದ ಗಮ್ಮಿನ ಕಲೆ ಇನ್ನೂ ಇದೆ.

ದುಬೈರಿಟರ್ನ್ (ಮಂಗಳೂರು)

ನನ್ನದು ಸೆಲ್ಫಿ ಕಥೆ. ಮಾರ್ಚ್‌ನಲ್ಲಿ ಬಂದೆ. ಕೈಗೆ ಸೀಲ್ ಒತ್ತಿದರು, ಮದುವೆ ಮನೆ ಮೆಹೆಂದಿ ತರ. ಮನೆಯಲ್ಲೇ ಇರಬೇಕು, ಒಂದು ಆ್ಯಪ್ ಹಾಕಿಕೊಳ್ಳಬೇಕು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕು. ಸ್ನಾನಕ್ಕೆ ಹೋಗೋಕೂ ಗಡಿಯಾರ ನೋಡಬೇಕು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಅಮ್ಮ ಬಾಗಿಲಾಚೆಯಿಂದ "ಫೋಟೋ, ಫೋಟೋ" ಅಂತ ಕೂಗೋರು.

ಈಗ ಯಾರಾದರೂ ಸೆಲ್ಫಿ ತೆಗೆಯೋಣ ಅಂದರೆ ನಾನೇ ಕ್ಯಾಮೆರಾ ಹಿಡಿಯುತ್ತೇನೆ. ತಂಗಿ ಮದುವೆ ಆಲ್ಬಮ್ಮಿನಲ್ಲಿ ನಾನು ಎರಡೇ ಫೋಟೋದಲ್ಲಿದ್ದೇನೆ.

ನೇರಮಾತು (ತುಮಕೂರು)

ಇದೆಲ್ಲ ಯಾಕೆ ಕೆದಕುತ್ತೀರಿ? ಆಗಿದ್ದು ಆಯ್ತು. ನಮ್ಮ ಅಜ್ಜಂದಿರು ಪ್ಲೇಗ್ ನೋಡಿಲ್ಲವಾ? ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದರು, ಮತ್ತೆ ಬಂದು ರಾಗಿ ಬಿತ್ತಿದರು. ಡಿಪ್ರೆಶನ್ನು ಅಂತ ಯಾರೂ ಕೂರಲಿಲ್ಲ. ಈಗಿನವರಿಗೆ ಎಲ್ಲದಕ್ಕೂ ಕೌನ್ಸೆಲಿಂಗ್.

ಹಳೇಪೇಟೆ (ಬೆಂಗಳೂರು)

ಸ್ವಾಮಿ, ಪ್ಲೇಗ್ ಉದಾಹರಣೆ ನೀವು ಅಂದುಕೊಂಡದ್ದರ ಉಲ್ಟಾ ಹೇಳುತ್ತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಜನ ಸತ್ತರು. ಆ ಹೆದರಿಕೆಯಲ್ಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೇಗ ಎದ್ದವು. ಅಗಲ ರಸ್ತೆ, ಗಾಳಿ ಬೆಳಕು. ಮರೆತಿದ್ದರೆ ಹಾಗೆ ಕಟ್ಟುತ್ತಿದ್ದರಾ?

ಇನ್ನು ದೇವರು. ಪ್ಲೇಗಮ್ಮ ಅಂತ ಗುಡಿಯನ್ನೇ ಕಟ್ಟಿದರು ಜನ. ಹೆದರಿಕೆಗೆ ಒಂದು ಹೆಸರು ಕೊಟ್ಟರು, ಅರಿಶಿನ ಕುಂಕುಮ ಹಚ್ಚಿದರು, ಮೊಸರನ್ನ ಎಡೆ ಇಟ್ಟರು. ವರ್ಷಕ್ಕೊಂದು ಸಲ ಊರೆಲ್ಲ ಸೇರಿ ನೆನಪು ಮಾಡಿಕೊಂಡರು. ನಾವೇನು ಮಾಡಿದೆವು? ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದೆವು.

(ನನಗೆ ದೇವರಲ್ಲಿ ಅಂಥಾ ನಂಬಿಕೆ ಏನಿಲ್ಲ. ಆದರೂ ಇದು ನಿಜ ಅನ್ನಿಸುತ್ತೆ.)

ಹೊಲದಬದು (ಕೊಪ್ಪಳ)

ನಾನು ಆಶಾ ಕಾರ್ಯಕರ್ತೆ. ಇಲ್ಲಿ ಬರೆಯೋಕೆ ಮಗ ಸಹಾಯ ಮಾಡುತ್ತಿದ್ದಾನೆ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ಎಲ್ಲರೂ ತಾಟು ಬಡಿದರು, ಚಪ್ಪಾಳೆ ತಟ್ಟಿದರು. ಚಲೋ ಅನ್ನಿಸಿತು. ಮರುವಾರ ಅದೇ ಓಣಿಯಲ್ಲಿ ಸರ್ವೆಗೆ ಹೋದರೆ ಬಾಗಿಲು ಹಾಕಿಕೊಂಡರು. "ನೀನೇ ಮನೆ ಮನೆಗೆ ಹಚ್ಚುತ್ತೀ" ಅಂದರು. ಯಾರಿಗೆ ಕೆಮ್ಮು, ಯಾರು ಹೊರಗಿಂದ ಬಂದರು, ಎಲ್ಲ ಬರೆದುಕೊಳ್ಳಬೇಕಿತ್ತು. ಬರೆದರೆ ಅವರನ್ನು ಒಯ್ಯುತ್ತಾರೆ. ಬರೆಯದಿದ್ದರೆ ನನ್ನ ಕೆಲಸಕ್ಕೆ ಕುತ್ತು. ನನ್ನ ನೋಟ್‌ಬುಕ್ ಕಂಡರೆ ಮಕ್ಕಳು ಓಡುತ್ತಿದ್ದವು.

ಮನೆಯಲ್ಲಿ ಅತ್ತೆಗೆ ದಮ್ಮು. ಹಾಗಾಗಿ ನಾನು ನಾಲ್ಕು ತಿಂಗಳು ದನದ ಕೊಟ್ಟಿಗೆಯಲ್ಲಿ ಮಲಗಿದೆ. ಮಗನಿಗೆ ಆಗ ಎಂಟು ವರ್ಷ. ರಾತ್ರಿ ಗೋಡೆಯ ಆಚೆಯಿಂದ "ಅವ್ವಾ ಇದ್ದೀಯೇನು" ಅಂತ ಕೇಳುತ್ತಿದ್ದ. "ಇದ್ದೀನಿ" ಅಂದರೆ ಮಲಗುತ್ತಿದ್ದ. (ಇದನ್ನು ಬರೆಯುವಾಗ ಅವನು ಟೈಪ್ ಮಾಡೋದು ನಿಲ್ಲಿಸಿ ನನ್ನ ಕಡೆ ನೋಡಿದ. ಈಗ ಮೀಸೆ ಚಿಗುರುತ್ತಿದೆ ಅವನಿಗೆ.)

ಆಮೇಲೆ ಲಸಿಕೆ. ಸೂಜಿ ಹಾಕಿಸಿಕೊಂಡರೆ ಎರಡು ವರ್ಷಕ್ಕೆ ಸಾಯುತ್ತಾರೆ ಅಂತ ಫೋನಿನಲ್ಲಿ ಬಂದಿತ್ತಂತೆ. ನಾನು ಜನರ ಮುಂದೆ ಮೊದಲು ನನಗೆ ಹಾಕಿಸಿಕೊಂಡೆ. "ನಾನು ಸತ್ತರೆ ನೀವು ಹಾಕಿಸಿಕೊಳ್ಳಬೇಡಿ" ಅಂದೆ. ನಕ್ಕರು, ಬಂದರು.

ನನಗೆ ಉಳಿದದ್ದು ಸಿಟ್ಟು. ಯಾರ ಮೇಲೆ ಅಂತ ಗೊತ್ತಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂದರೆ ಸಾಕು, ಕೂಗಾಡುತ್ತೇನೆ. ಮೊದಲು ಹಾಗಿರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಊರಿನ ಎಲ್ಲರ ಆರೋಗ್ಯ ಕೇಳೋದು ನನ್ನ ಕೆಲಸ. ನಿನಗೆ ಹೇಗಿದೆ ಅಂತ ನನ್ನನ್ನು ಯಾರೂ ಕೇಳಿಲ್ಲ.

ಚಾಕ್‌ಪೀಸ್ (ಚಾಮರಾಜನಗರ ಜಿಲ್ಲೆ)

ಅಕ್ಕಾ, ಹೇಗಿದ್ದೀರಿ? ನಿಜವಾಗಿ ಕೇಳುತ್ತಿದ್ದೇನೆ.

ನಾನು ಸರ್ಕಾರಿ ಶಾಲೆಯ ಮಾಸ್ತರು. 2020ರಲ್ಲಿ ವಿದ್ಯಾಗಮ ಅಂತ ಮಾಡಿದೆವು. ದೇವಸ್ಥಾನದ ಜಗುಲಿ, ಅರಳಿಕಟ್ಟೆ, ಎಲ್ಲೆಂದರಲ್ಲಿ ಪಾಠ. ಚಂದನ ಟಿವಿಯಲ್ಲೂ ಪಾಠ ಬರುತ್ತಿತ್ತು. ಆದರೆ ಒಂದೇ ಟಿವಿ ಇರುವ ಮನೆಯಲ್ಲಿ ಮಗುವಿನ ಪಾಠ ಯಾರು ಹಾಕುತ್ತಾರೆ? ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು.

ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷದ ಮೇಲೆ. ಎರಡನೇ ತರಗತಿಗೆ ಬಂದ ಮಕ್ಕಳು ಶಾಲೆಯ ಒಳಗನ್ನೇ ನೋಡಿರಲಿಲ್ಲ. ಬೆಲ್ ಹೊಡೆದರೆ ಏನು ಮಾಡಬೇಕು ಅಂತ ಗೊತ್ತಿಲ್ಲ. ಸಾಲಾಗಿ ಕೂರೋಕೆ ಬರೋದಿಲ್ಲ.

ಒಬ್ಬ ಹುಡುಗ ಮಾಸ್ಕ್ ತೆಗೆಯಲೇ ಇಲ್ಲ. ಬಿಸಿಯೂಟಕ್ಕೂ ಮಾಸ್ಕ್ ಕೆಳಗಿನಿಂದ ತುತ್ತು ತೂರಿಸುತ್ತಿದ್ದ. ಎಲ್ಲರೂ ಮಾಸ್ಕ್ ಬಿಟ್ಟ ಮೇಲೂ ಅವನು ಬಿಡಲಿಲ್ಲ. ತೊಳೆದು ತೊಳೆದು ಅದು ಬಣ್ಣ ಬಿಟ್ಟಿತ್ತು, ಒಂದು ಕಿವಿಯ ದಾರ ಕಿತ್ತು ಗಂಟು ಹಾಕಿದ್ದ. ನಾವು ಹೆದರಿಕೆ ಅಂದುಕೊಂಡೆವು. ಕೊನೆಗೆ ಗೊತ್ತಾಯ್ತು. ಅದು ಅವನ ಅವ್ವ ಹೊಲಿದದ್ದು, ಅವಳ ಸೀರೆಯ ಸೆರಗಿನಿಂದ. ಅವಳು ಆ ಮೇ ತಿಂಗಳಲ್ಲಿ ತೀರಿಕೊಂಡಿದ್ದಳು. ನಮ್ಮ ಜಿಲ್ಲೆಯ ಆ ಮೇ ತಿಂಗಳ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಇಲ್ಲದೆ ರೋಗಿಗಳು ಸತ್ತ ಆ ರಾತ್ರಿಯ ಸುದ್ದಿ ಎಲ್ಲರಿಗೂ ಗೊತ್ತು.

ಆ ಮೇಲೆ ನಾನು ಅವನಿಗೆ ಮಾಸ್ಕ್ ತೆಗಿ ಅನ್ನಲಿಲ್ಲ. ಆರನೇ ತರಗತಿಗೆ ಹೋಗುವ ಹೊತ್ತಿಗೆ ಅದು ಜೇಬಿಗೆ ಹೋಗಿತ್ತು.

ನೇರಮಾತು ಅವರೇ, ನಮ್ಮ ಅಜ್ಜಂದಿರು ಬಿತ್ತಿದರು, ಸರಿ. ಬಿತ್ತುವಾಗ ಒಳಗೆ ಏನಿತ್ತು ಅಂತ ಅವರನ್ನು ಯಾರು ಕೇಳಿದರು?

ಸ್ತ್ರೀವೇಷ (ದಕ್ಷಿಣ ಕನ್ನಡ)

ನಾನು ಯಕ್ಷಗಾನ ಮೇಳದವನು, 22 ವರ್ಷದಿಂದ. ದೀಪಾವಳಿ ಕಳೆದು ಹೊರಟರೆ ಪತ್ತನಾಜೆಗೆ ಗೆಜ್ಜೆ ಬಿಚ್ಚೋದು. ಅಂದರೆ ಮೇ ಕೊನೆಗೆ. 2020ರಲ್ಲಿ ಮಾರ್ಚ್‌ಗೇ ಗೆಜ್ಜೆ ಬಿಚ್ಚಿದೆವು. ಮರು ವರ್ಷವೂ ತಿರುಗಾಟ ಪೂರ್ತಿ ಆಗಲಿಲ್ಲ. ಸಂಬಳದ ಕಷ್ಟ ಎಲ್ಲರಿಗೂ ಇತ್ತು. ಹೆಂಡತಿ ಬೀಡಿ ಕಟ್ಟಿದಳು, ನಾನು ತೋಟದ ಕೆಲಸಕ್ಕೆ ಹೋದೆ. ಅದನ್ನು ಉದ್ದ ಹೇಳೋದಿಲ್ಲ.

ನಿದ್ದೆಯದ್ದು ಹೇಳುತ್ತೇನೆ. 22 ವರ್ಷ ರಾತ್ರಿ ಎಚ್ಚರ ಇದ್ದ ದೇಹ. ನನ್ನ ಪ್ರವೇಶ ಸಾಮಾನ್ಯ ರಾತ್ರಿ ಎರಡರ ಹೊತ್ತಿಗೆ. ಮನೆಯಲ್ಲಿ ಮಲಗಿದರೆ ಸರಿಯಾಗಿ ಎರಡಕ್ಕೆ ಎಚ್ಚರ. ಎದೆ ಡವಡವ, ಚೆಂಡೆ ಬಾರಿಸಿದ ಹಾಗೆ. ಎದ್ದು ಅಂಗಳಕ್ಕೆ ಹೋದರೆ ಕತ್ತಲೆ. ಒಂದು ರಾತ್ರಿ ಮನಸ್ಸು ತಡೆಯದೆ ಮುಖಕ್ಕೆ ಬಣ್ಣ ಹಚ್ಚಿದೆ. ಸೀರೆ ಉಡಲಿಲ್ಲ, ಬರೀ ಬಣ್ಣ, ಕಾಡಿಗೆ. ಕನ್ನಡಿ ಮುಂದೆ ಕೂತು ಬೆಳಗಾಗುವ ತನಕ ನೋಡಿಕೊಂಡೆ. ಹೆಂಡತಿ ಎದ್ದು ನೋಡಿ ಏನೂ ಕೇಳದೆ ತೆಂಗಿನೆಣ್ಣೆ ತಂದು ಇಟ್ಟಳು, ಒರೆಸಿಕೊಳ್ಳೋಕೆ.

ಆ ದಿನಗಳಲ್ಲೇ ಕುಡಿತ ಶುರುವಾದದ್ದು. ಈಗ ಬಿಟ್ಟಿದ್ದೇನೆ, ಒಂದೂವರೆ ವರ್ಷ ಆಯ್ತು. ಈಗ ಕಾಲಮಿತಿ ಆಟಗಳೇ ಜಾಸ್ತಿ, ಮಧ್ಯರಾತ್ರಿಗೆ ಮುಗಿಯುತ್ತವೆ. ಎಲ್ಲರಿಗೂ ಅನುಕೂಲ. ಎರಡು ಗಂಟೆಯ ಎಚ್ಚರ ಮಾತ್ರ ಹೋಗಿಲ್ಲ.

ತಾಲೂಕುಆಸ್ಪತ್ರೆ (ಹಳೇ ಮೈಸೂರು ಕಡೆ)

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಡಾಕ್ಟರ್ ಅಲ್ಲ. ಎರಡು ಮೂರು ವಿಷಯ ಹೇಳಬೇಕು ಅನ್ನಿಸಿತು.

ಕುಡಿತದಿಂದ ಶುರು ಮಾಡುತ್ತೇನೆ. 2020ರಲ್ಲಿ ಮಾರ್ಚ್ ಕೊನೆಗೆ ಅಂಗಡಿ ಮುಚ್ಚಿದವು, ಮೇ 4ಕ್ಕೆ ತೆರೆದವು. ಆ ಕ್ಯೂ ನೋಡಿ ಟಿವಿಯವರು ನಕ್ಕರು. ನಾವು ನಗಲಿಲ್ಲ. ದಿನಾ ಜಾಸ್ತಿ ಕುಡಿಯುವವರು ಥಟ್ ಅಂತ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಗುತ್ತೆ, ಬೆವರುತ್ತೆ, ಇಲ್ಲದ್ದು ಕಾಣಿಸುತ್ತೆ, ಕೆಲವರಿಗೆ ಫಿಟ್ಸ್ ಬರುತ್ತೆ. ಜೀವಕ್ಕೇ ಅಪಾಯ. ಆ ಏಪ್ರಿಲ್‌ನಲ್ಲಿ ಒಬ್ಬರು ಗೋಡೆಯಲ್ಲಿ ಇರುವೆ ಹರಿಯುತ್ತಿದೆ ಅಂತ ಇಡೀ ರಾತ್ರಿ ಗೋಡೆ ಒರೆಸಿದರು. ಮನೆಯವರು ದೆವ್ವ ಹಿಡಿದಿದೆ ಅಂತ ಕಟ್ಟಿ ಹಾಕಿ ತಂದರು. ಇದಕ್ಕೆ ಮನೋಬಲ ಸಾಲದು, ಔಷಧಿ ಬೇಕು. ಬಿಡೋದಾದರೆ ಆಸ್ಪತ್ರೆಗೆ ಬಂದು ಬಿಡಿ. ಸ್ತ್ರೀವೇಷ ಅವರೇ, ನೀವು ಬಿಟ್ಟಿದ್ದು ದೊಡ್ಡ ಕೆಲಸ.

ಮೊದಲ ವರ್ಷವೇ ಜಗತ್ತಿನಲ್ಲಿ ಆತಂಕ, ಖಿನ್ನತೆ 25% ಜಾಸ್ತಿಯಾಯ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ನಮ್ಮಲ್ಲಿಗೆ ಬರುವವರು ಯಾರೂ "ಖಿನ್ನತೆ" ಅಂತ ಹೇಳೋದಿಲ್ಲ. ತಲೆ ಭಾರ, ಎದೆ ಹಿಡಿದಂತೆ, ಮೈಕೈ ಉರಿ, ಗ್ಯಾಸ್ಟ್ರಿಕ್ಕು. ಎಲ್ಲ ಟೆಸ್ಟೂ ನಾರ್ಮಲ್. ಕೊನೆಗೆ "ಮನೆಯಲ್ಲಿ ಯಾರು ಹೋದರು" ಅಂತ ಕೇಳಿದರೆ ಕಣ್ಣಲ್ಲಿ ನೀರು.

ಗೇಟಿನಾಚೆ ಅವರ ಪ್ರಶ್ನೆ. ತೊಳೆಯೋದು ಅಭ್ಯಾಸವೋ ಕಾಯಿಲೆಯೋ ಅಂತ ಹೇಗೆ ತಿಳಿಯೋದು? ನಾವು ಕೇಳೋದು ಇಷ್ಟು. ದಿನದಲ್ಲಿ ಎಷ್ಟು ಹೊತ್ತು ಅದಕ್ಕೇ ಹೋಗುತ್ತೆ? ಒಂದು ದಿನ ತೊಳೆಯದಿದ್ದರೆ ಏನಾಗುತ್ತೆ? ಚಡಪಡಿಕೆ, ಕೋಪ, ಅಳು? ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತಾರಾ? ಹತ್ತು ನಿಮಿಷದಲ್ಲಿ ಮುಗಿಸಿ ಕಾಫಿ ಕುಡಿಯುತ್ತಾರೆ ಅಂದರೆ ನನಗೆ ಚಿಂತೆ ಕಡಿಮೆ. ಅದರ ಬದಲು ನಿದ್ದೆ ಬಗ್ಗೆ ಕೇಳಿ. ಊಟ ರುಚಿಸುತ್ತಾ ಕೇಳಿ.

ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಕ್ಲಿನಿಕ್ ನಡೆಯುತ್ತೆ, ಮನೋವೈದ್ಯರು ಬರುತ್ತಾರೆ. ಹೊರಡುವ ಮೊದಲು ನಿಮ್ಮ ಆಸ್ಪತ್ರೆಗೆ ಒಂದು ಸಲ ಫೋನ್ ಮಾಡಿ ಕೇಳಿ. ಮನೆಯಿಂದಲೇ ಮಾತಾಡಬೇಕು ಅಂದರೆ 14416, ಟೆಲಿ ಮಾನಸ್. ದುಡ್ಡಿಲ್ಲ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಬರೆದುಕೊಟ್ಟರೆ ಎರಡು ದಿನಕ್ಕೆ ಗುಣ ಕಾಣದು, ಕೆಲವು ವಾರ ಬೇಕು. ಸ್ವಲ್ಪ ಹಗುರಾದ ಕೂಡಲೇ ನೀವೇ ನಿಲ್ಲಿಸಿಬಿಡಬೇಡಿ. ಅದನ್ನೇ ಎಲ್ಲರೂ ಮಾಡೋದು.

ಹೊಲದಬದು ಅಕ್ಕಾ, ನಿಮ್ಮ ಸಿಟ್ಟಿಗೂ ಅದೇ ನಂಬರ್. ಅದೂ ಒಂದು ಲಕ್ಷಣವೇ.

ಸ್ನೋಫಾಲ್‌ಹುಳಿ (ನ್ಯೂಜೆರ್ಸಿ)

ಅಮ್ಮ ಹೋದಾಗ ನಾನು ಇಲ್ಲಿದ್ದೆ. ಟಿಕೆಟ್ ಸಿಕ್ಕಿದರೂ ವೀಸಾ ಸ್ಟ್ಯಾಂಪಿಂಗ್ ಇಲ್ಲ, ಹೋದರೆ ವಾಪಸ್ ಬರೋಕಾಗಲ್ಲ, ಮಕ್ಕಳು ಇಲ್ಲಿ. ಇದನ್ನು ಬೇರೆಯವರಿಗೆ ವಿವರಿಸಿ ಸಾಕಾಗಿದೆ. ಸಂಸ್ಕಾರ ಫೋನಿನಲ್ಲಿ ನೋಡಿದೆ. ತಮ್ಮ ಪಿಪಿಇ ಕಿಟ್ ಹಾಕಿದ್ದ. ನಾಲ್ಕು ಜನ ಅದೇ ಬಿಳಿ ಬಟ್ಟೆಯಲ್ಲಿ. ಯಾರು ತಮ್ಮ ಅಂತ ಗುರುತು ಸಿಗಲಿಲ್ಲ. ಇಲ್ಲಿ ಮಧ್ಯರಾತ್ರಿ ಒಂದೂವರೆ. ಮಧ್ಯೆ ಫೋನ್ ಚಾರ್ಜ್ ಮುಗಿಯಿತು, ಅವನದೋ ನನ್ನದೋ ನೆನಪಿಲ್ಲ. ನಾನು ಎದ್ದು ಮರುದಿನ ಮಕ್ಕಳ ಡಬ್ಬಿಗೆ ಬೀನ್ಸ್ ಹೆಚ್ಚಿದೆ. ಶಾಲೆ ಇರಲಿಲ್ಲ ಆಗ. ಯಾಕೆ ಹೆಚ್ಚಿದೆನೋ.

2022ರಲ್ಲಿ ಊರಿಗೆ ಹೋದಾಗ ಎಲ್ಲರೂ ಅತ್ತು ಮುಗಿಸಿದ್ದರು. ನಾನು ಹೊಸದಾಗಿ ಶುರು ಮಾಡಿದೆ. "ಈಗ್ಯಾಕೆ" ಅಂತ ಒಬ್ಬರು ಕೇಳಿದರು.

ಹಳೇಪೇಟೆ (ಬೆಂಗಳೂರು)

2021ರ ಜೂನ್‌ನಲ್ಲಿ ಯಾರೂ ತಗೊಂಡು ಹೋಗದ ಬೂದಿಯನ್ನು ಸರ್ಕಾರದವರೇ ಬೆಂಗಳೂರಿನಿಂದ ಮಳವಳ್ಳಿ ತಾಲೂಕಿಗೆ ಒಯ್ದು ಕಾವೇರಿಯಲ್ಲಿ ಬಿಟ್ಟರು. ಐನೂರಕ್ಕೂ ಜಾಸ್ತಿ ಮಡಕೆ. ಆಗ ಜನ "ಎಂಥಾ ಮಕ್ಕಳು" ಅಂತ ಬೈದರು. ಸ್ನೋಫಾಲ್‌ಹುಳಿ ಅವರದ್ದು ಓದಿದ ಮೇಲೆ ಬೇರೆ ಅನ್ನಿಸುತ್ತಿದೆ. ಎಷ್ಟೋ ಜನ ತಾವೇ ಆಸ್ಪತ್ರೆಯಲ್ಲಿದ್ದರು. ಎಷ್ಟೋ ಜನ ಎಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದ್ದರು.

ನಿರ್ವಾಹಕರು

ಲಸಿಕೆಯಿಂದಲೇ ಎಲ್ಲ ಆಯ್ತು ಅನ್ನುವ ನಾಲ್ಕು ಫಾರ್ವರ್ಡ್ ತೆಗೆದಿದ್ದೇವೆ. ಅದಕ್ಕೆ ಬೇರೆ ಕಡೆ ಜಾಗವಿದೆ, ಇಲ್ಲಿ ಬೇಡ.

ನೇರಮಾತು (ತುಮಕೂರು)

ಅವು ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಾಸ್ತರು ಕೇಳಿದ್ದಕ್ಕೆ ಉತ್ತರ. ನಮ್ಮಜ್ಜನ ತಂದೆ ಪ್ಲೇಗಿನಲ್ಲಿ ಹೋದದ್ದಂತೆ. ನಮ್ಮಜ್ಜ ಸಾಯುವ ತನಕ ಮನೆಯಲ್ಲಿ ಇಲಿ ಸತ್ತರೆ ಆ ರಾತ್ರಿ ಒಳಗೆ ಮಲಗುತ್ತಿರಲಿಲ್ಲ. ಚಾಪೆ ಸುತ್ತಿಕೊಂಡು ಜಗುಲಿಗೆ ಹೋಗುತ್ತಿದ್ದರು. ನಾವು ಮಕ್ಕಳು ಅಣಕಿಸುತ್ತಿದ್ದೆವು. ಈ ಥ್ರೆಡ್ ಓದುವವರೆಗೂ ಅದನ್ನು ಇದಕ್ಕೆ ಸೇರಿಸಿ ನೋಡಿರಲಿಲ್ಲ.

ಗೇಟಿನಾಚೆ (ಮಂಡ್ಯ ಕಡೆ)

ನಾಲ್ಕು ದಿನ ಬರೆಯಲಿಲ್ಲ, ಓದುತ್ತಿದ್ದೆ. ಇವತ್ತು ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದೆ. ಅಮ್ಮ ಬೇಸನ್ ಇಟ್ಟುಕೊಂಡು ಕೂತಿದ್ದರು. ಗಡಿಯಾರ ನೋಡಿದೆ. ಹನ್ನೊಂದು ನಿಮಿಷ. ಆಮೇಲೆ ಕೇಳಿಯೇ ಬಿಟ್ಟೆ, ಇನ್ನೂ ಹೆದರಿಕೆ ಇದೆಯಾ ಅಮ್ಮ ಅಂತ.

"ಹೆದರಿಕೆಯಾ? ಏನಕ್ಕೆ? ಎಲ್ಲಾ ಮುಗೀತಲ್ಲ" ಅಂದರು. ಮತ್ತೆ ಯಾಕೆ ತೊಳೆಯುತ್ತೀರಿ ಅಂದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕ್ಲಿಪ್ ಹಾಕಿದರು. ಆಮೇಲೆ ಹೇಳಿದರು. ಲಾಕ್‌ಡೌನಿಗೆ ಮೊದಲು 35 ವರ್ಷ ಅಪ್ಪ ಬೆಳಿಗ್ಗೆ ಮನೆಯಲ್ಲಿ ಇದ್ದದ್ದೇ ಇಲ್ಲವಂತೆ. ಐದೂವರೆಗೆ ಫ್ಯಾಕ್ಟರಿ ಬಸ್. ಭಾನುವಾರ ತೋಟ. 2020ರಲ್ಲಿ ಮೊದಲ ಸಲ ಆರು ಗಂಟೆಗೆ ಇಬ್ಬರೂ ಹಿತ್ತಲಲ್ಲಿ ಕೂತದ್ದು. ಇವರು ಉಜ್ಜೋದು, ಅವರು ಚೊಂಬಿನಲ್ಲಿ ನೀರು ಹೊಯ್ಯೋದು. "ಮೂಲೆ ಬಿಟ್ಟೆ ನೋಡು" ಅಂತ ಅವರು ದಿನಾ ಹೇಳೋರಂತೆ. ಒಂದು ವರ್ಷದ ಮೇಲೆ ನಡೀತಂತೆ ಹಾಗೆ. "ಅಷ್ಟೊತ್ತು ಅವರು ನನ್ನ ಜೊತೆ ಯಾವತ್ತು ಕೂತಿದ್ದರು ಹೇಳು" ಅಂದರು.

ನಾನು ಕಾಯಿಲೆ ಅಂದುಕೊಂಡಿದ್ದೆ. ನಮಗೆ ಹಾಲು ತುಪ್ಪ ಬಿಡೋಕೂ ಆಗಿರಲಿಲ್ಲ ಆಗ. ಮೂರನೇ ದಿನ ನಾವೆಲ್ಲ ಮನೆಯೊಳಗೇ, ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಪಾಸಿಟಿವ್.

ನಂಬರ್‌ಹುಡುಗಿ (ಊರು ಬೇಡ)

ಓದಿ ಎದ್ದು ಹೋಗಿ ಬಂದೆ. ನಮ್ಮಪ್ಪನ ಗಡ್ಡ ಯಾಕೆ ಅಂತ ನಾನೂ ಕೇಳಿಲ್ಲ, ನಾನೇ ಕಾರಣ ಅಂದುಕೊಂಡಿದ್ದೇನೆ.

ತಾಲೂಕುಆಸ್ಪತ್ರೆ (ಹಳೇ ಮೈಸೂರು ಕಡೆ)

ಹಾಗಾದರೆ ಬೇಸನ್ ವಿಷಯ ಬಿಟ್ಟುಬಿಡಿ ಗೇಟಿನಾಚೆ ಅವರೇ. ಅದಕ್ಕೆ ಯಾರೂ ಕೈ ಹಾಕೋದು ಬೇಡ. ನಿದ್ದೆ ಕೇಳಿದಿರಾ?

ಗೇಟಿನಾಚೆ (ಮಂಡ್ಯ ಕಡೆ)

ಕೇಳಿದೆ. ಮೂರಕ್ಕೆ ಎಚ್ಚರ ಆಗುತ್ತಂತೆ, ಮತ್ತೆ ಬರೋದಿಲ್ಲವಂತೆ. ಆರು ಗಂಟೆ ಆಗಲಿ ಅಂತ ಕಾಯುತ್ತಾ ಮಲಗಿರುತ್ತಾರಂತೆ. ನಾಲ್ಕು ವರ್ಷದಿಂದ. ನಾವು ಯಾರೂ ಗಮನಿಸಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ, ಹತ್ತು ಗಂಟೆಗೆ ಚೀಟಿ ಕೊಡುತ್ತಾರಂತೆ. ಮಂಗಳವಾರ ರಜೆ ಹಾಕಿದ್ದೇನೆ.